ಲಾಭ, ಎರಡು, ಮೂರು

ಬೆಂಗಳೂರಿನಲ್ಲಿ ಯಾರಾದರೂ ಊರು ಯಾವುದೆಂದು ಕೇಳಿದರೆ ಅಂಜನಾಪುರ ಎನ್ನುತ್ತೇನೆ. "ಯಾವ ಬ್ಲಾಕು?" ಎಂಬ ಮರುಪ್ರಶ್ನೆ ಬರುತ್ತದೆ. ಕನಕಪುರ ರಸ್ತೆಯ ಕಡೆ ಇದೇ ಹೆಸರಿನ ಬಡಾವಣೆಯೊಂದು ಎದ್ದಮೇಲೆ ನಮ್ಮೂರು ಹೆಸರಿನ ಪಂದ್ಯದಲ್ಲಿ ಸೋತುಹೋಯಿತು. ನಮ್ಮ ಅಂಜನಾಪುರಕ್ಕೆ ಬ್ಲಾಕುಗಳಿಲ್ಲ. ಅಲ್ಲಿರುವುದು ಒಂದು ಏರಿ, ಒಂದು ತೂಬು, ಒಂದು ಕೋಡಿ, ಮತ್ತು ಮಳೆಗಾಲ ಹಿಡಿಯಿತೆಂದರೆ ಈ ಮೂರರ ಸುದ್ದಿ ಬಿಟ್ಟು ಬೇರೇನೂ ಮಾತಾಡದ ಜನ. ಶಿಕಾರಿಪುರ ತಾಲ್ಲೂಕು ಎಂದು ವಿವರಿಸಿದರೆ, "ಓ, ಯಡಿಯೂರಪ್ಪನವರ ಊರು!" ಎನ್ನುತ್ತಾರೆ. ಹೌದು ಎನ್ನುತ್ತೇನೆ. ಅವರು ಹುಟ್ಟಿದ್ದು ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಎಂದು ತಿದ್ದಲು ಹೋಗುವುದಿಲ್ಲ. ತಿದ್ದಿದರೆ ನಮಗೆ ಉಳಿದಿರುವ ಒಂದು ಗುರುತೂ ಮಂಡ್ಯದವರ ಪಾಲಾದೀತು.

ಕುಮುದ್ವತಿ ದೊಡ್ಡ ನದಿಯೇನಲ್ಲ. ಹುಂಚದ ಕಡೆಯ ಗುಡ್ಡಗಳಲ್ಲಿ ಹುಟ್ಟಿ, ನಮ್ಮ ತಾಲ್ಲೂಕು ಹಾದು, ಹಿರೇಕೆರೂರು ಸೀಮೆಯ ಮದಗ-ಮಾಸೂರು ಕೆರೆಯನ್ನು ಮಾತಾಡಿಸಿಕೊಂಡು ತುಂಗಭದ್ರೆಗೆ ಸೇರುತ್ತದೆ. ಬೇಸಿಗೆಯಲ್ಲಿ ನಾವು ಲಂಗ ಎತ್ತಿಕೊಂಡು ದಾಟುತ್ತಿದ್ದ ಹೊಳೆ ಅದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಅಂಜನಾಪುರದ ಬಳಿ ಅದಕ್ಕೆ ಅಣೆಕಟ್ಟು ಆಯಿತು. ಕಟ್ಟೆಯಿಂದ ನಾಲೆ, ನಾಲೆಯಿಂದ ಗದ್ದೆ, ಗದ್ದೆಯಿಂದ ಭತ್ತ, ಭತ್ತದಿಂದ ನಮ್ಮಜ್ಜ ಸಾವ್ಕಾರ. ಮಹಾರಾಜರು ನಮ್ಮಜ್ಜನನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟೆ ಕಟ್ಟಿಸಿದರೆಂದು ನಾನು ಬಹಳ ದಿನ ನಂಬಿದ್ದೆ. ಯಾಕೆಂದರೆ ನಮ್ಮ ಭತ್ತದ ಮಂಡಿಯ ಗೋಡೆಯಲ್ಲಿ ದೇವರ ಪಟಗಳ ಸಾಲಿನ ಕೊನೆಗೆ ನಾಲ್ವಡಿಯವರ ಪಟವೂ ಇತ್ತು. ಅಜ್ಜ ಊದುಬತ್ತಿಯನ್ನು ಅವರಿಗೂ ಒಂದು ಸುತ್ತು ತೋರಿಸಿಯೇ ಗೂಡಿಗೆ ಸಿಕ್ಕಿಸುತ್ತಿದ್ದ.

ಮನೆ ಅಂಜನಾಪುರದಲ್ಲಿ, ಮನೆಗೆ ಒತ್ತಿಕೊಂಡು ಅಕ್ಕಿ ಗಿರಣಿ, ಶಿಕಾರಿಪುರದ ಪೇಟೆಯಲ್ಲಿ ಮಂಡಿ. ಊರವರು 'ಸಾವ್ಕಾರ್ರ ಮನೆ' ಅನ್ನುತ್ತಿದ್ದರು. ಆ ಹೆಸರು ಬಂದದ್ದು ಹಣ ನೋಡಿ ಅಲ್ಲ, ಚೀಲ ನೋಡಿ. ಸುಗ್ಗಿ ಮುಗಿದ ಮೇಲೆ ಪಡಸಾಲೆಯಿಂದ ಹಿತ್ತಲಿನವರೆಗೂ ಭತ್ತದ ಚೀಲಗಳೇ. ನಾವು ಓದುತ್ತಿದ್ದುದು ಚೀಲದ ಮೇಲೆ, ಮಲಗುತ್ತಿದ್ದುದು ಚೀಲದ ಸಂದಿಯಲ್ಲಿ. ಬಂದ ನೆಂಟರಿಗೆ ಕುರ್ಚಿ ಬೇಕೆಂದರೆ ಮೊದಲು ನಾಲ್ಕು ಚೀಲ ಸರಿಸಬೇಕಿತ್ತು. ಒಂದು ಸಂಜೆ, ಏಳೆಂಟು ವರ್ಷದವಳಿದ್ದಾಗ, ಈ ರಾಶಿ ನೋಡಿ ನನಗೆ ಹೆಮ್ಮೆ ಉಕ್ಕಿತು.

"ಅಜ್ಜಾ, ಇಷ್ಟೂ ನಮ್ದಾ?"

ಅಜ್ಜ ಕನ್ನಡಕ ಹಣೆಗೇರಿಸಿ ಒಂದೊಂದೇ ಸಾಲು ತೋರಿಸಿದ. "ಈ ಸಾಲು ರೈತರ್ದು, ಇನ್ನೂ ದುಡ್ಡು ಕೊಟ್ಟಿಲ್ಲ. ಆ ಸಾಲು ದಾವಣಗೆರೆಯೋರ್ದು, ದುಡ್ಡು ಆಗ್ಲೇ ಇಸ್ಕಂಡೀನಿ. ಗ್ವಾಡಿಗೆ ಹಚ್ಚಿದ್ದು ಬ್ಯಾಂಕಿಗೆ ಅಡ ಐತೆ. ಚೀಲ ಬಾಡಿಗೇವು."

"ಮತ್ತೆ ನಮ್ದು ಯಾವ್ದು?"

ಅಜ್ಜ ಮೂಲೆಯತ್ತ ಬೊಟ್ಟು ಮಾಡಿದ. ಅಲ್ಲಿ ತೌಡಿನ ಗುಡ್ಡೆ ಇತ್ತು. "ಅದೂ ಎಮ್ಮಿಗೆ ಬೇಕು ತಾಯಿ" ಎಂದ.

ಇದು ಬರೀ ಜಿಪುಣತನದ ಮಾತೆಂದು ಆಗ ತಿಳಿದಿದ್ದೆ. ಮುಂದೆ ಶಿವಮೊಗ್ಗದಲ್ಲಿ ಬಿ.ಕಾಂ. ಓದುವಾಗ ಮೇಷ್ಟ್ರು ಕಪ್ಪು ಹಲಗೆಯ ನಡುವೆ ಗೆರೆ ಎಳೆದು ಬ್ಯಾಲೆನ್ಸ್ ಶೀಟು ಕಲಿಸಿದ ದಿನ ತಟ್ಟನೆ ಹೊಳೆಯಿತು: ಅಜ್ಜ ಅವತ್ತು ಪಡಸಾಲೆಯಲ್ಲಿ ನಿಂತು ಹೇಳಿದ್ದು ಇದನ್ನೇ, ತೌಡಿನ ಸಮೇತ.

ಹೀಗಾಗಿ ಸಾವ್ಕಾರ್ರ ಮೊಮ್ಮಗಳಾಗಿ ನನ್ನ ಕೈಯಲ್ಲಿ ಐದು ಪೈಸೆ ಇದ್ದದ್ದು ಅಪರೂಪ. ಶಾಲೆಯಲ್ಲಿ ಇದನ್ನು ಯಾರೂ ನಂಬುತ್ತಿರಲಿಲ್ಲ. ಗಣಪತಿ ಚಂದಾ ಎತ್ತುವಾಗ ಪಟ್ಟಿಯಲ್ಲಿ ಮೊದಲ ಹೆಸರು ನಂದು. ಆದರೆ ನಮ್ಮ ಗಿರಣಿಯಲ್ಲಿ ಚೀಲ ಹೊರುತ್ತಿದ್ದ ಹಮಾಲಿಯ ಮಗ ನನ್ನದೇ ತರಗತಿ. ಅವನಪ್ಪ ಸಂಜೆ ಬಟವಾಡೆ ಆದಕೂಡಲೇ ಮಗನ ಕೈಗೆ ಎರಡು ಪೈಸೆಯೋ ಮೂರು ಪೈಸೆಯೋ ಹಾಕುತ್ತಿದ್ದ. ನಾನು ಪೆಪ್ಪರಮೆಂಟು ತಿಂದದ್ದೆಲ್ಲ ಅವನ ಸಾಲದಲ್ಲಿ. ಒಂದು ಹಂತದಲ್ಲಿ ಬಾಕಿ ಹದಿಮೂರು ಪೈಸೆಗೆ ಮುಟ್ಟಿತ್ತು. ಬಡ್ಡಿಯನ್ನು ದಿನಕ್ಕೊಂದು ಉಂಡೆ ಬೆಲ್ಲದ ಲೆಕ್ಕದಲ್ಲಿ ಅಡುಗೆಮನೆಯಿಂದ ಕದ್ದು ಸಲ್ಲಿಸುತ್ತಿದ್ದೆ. ಮೂರು ತಲೆಮಾರು ಸಾಲ ಕೊಟ್ಟ ಮನೆತನ ನಮ್ಮದು; ಬಡ್ಡಿ ಕಟ್ಟಿದ ದಾಖಲೆ ನನ್ನದೊಂದೇ ಇರಬೇಕು.

ಒಮ್ಮೆ ಸಿಟ್ಟು ಬಂದು ನಡುಮನೆಯಲ್ಲಿ ಬಿದ್ದು ಹೊರಳಾಡಿದೆ, ಹತ್ತು ಪೈಸೆ ಕೊಡುವವರೆಗೂ ಏಳುವುದಿಲ್ಲವೆಂದು. ಅಜ್ಜ ಸಾವಕಾಶ ಎಲೆಗೆ ಸುಣ್ಣ ಹಚ್ಚುತ್ತ, "ನೋಡು ತಾಯಿ, ಇಲ್ಲೇ ಉಡುತಡಿ. ಅಕ್ಕಮಹಾದೇವಿ ರಾಜನ್ನ, ಅರಮನೀನ, ಮೈಮೇಲಿನ ಬಂಗಾರನ, ಎಲ್ಲಾನೂ ಬಿಟ್ಟು ನಡದ್ಲು. ಅದೇ ನೀರು ಕುಡಿದ ನೀನು ಪೆಪ್ಪರಮೆಂಟಿಗೆ ಹೊಳ್ಳಾಡ್ತಿ" ಎಂದ. ಶರಣರ ನೆಲದಲ್ಲಿ ಹುಟ್ಟುವ ಮಕ್ಕಳ ಕಷ್ಟ ಬೇರೆಯವರಿಗೆ ತಿಳಿಯುವುದಿಲ್ಲ. ಬಳ್ಳಿಗಾವಿಯ ಅಲ್ಲಮನೂ ಪಕ್ಕದಲ್ಲೇ ಇದ್ದುದರಿಂದ ಅಜ್ಜನಿಗೆ ಉದಾಹರಣೆಗೆ ಬರವಿರಲಿಲ್ಲ.

ಬಳ್ಳಿಗಾವಿ ಅಂದಾಗ ನೆನಪಾಯಿತು. ಶಿರಾಳಕೊಪ್ಪದ ಸಂತೆಗೆ ಹೋದಾಗಲೊಮ್ಮೆ ಅಜ್ಜ ನಮ್ಮನ್ನು ಕೇದಾರೇಶ್ವರ ಗುಡಿಗೆ ಕರೆದೊಯ್ದಿದ್ದ. ಚಾಲುಕ್ಯರ ಕಾಲಕ್ಕೆ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರದ ರಾಜಧಾನಿ. ಅಲ್ಲಿನ ಶಾಸನಗಳ ತುಂಬ ಸೆಟ್ಟಿಗಳು, ನಖರದವರು, ಅವರು ದೇವರಿಗೆ ಬಿಟ್ಟ ದಾನಗಳು. ಅಲ್ಲಿದ್ದ ಮೇಷ್ಟ್ರೊಬ್ಬರು ಒಂದು ಕಲ್ಲು ತೋರಿಸಿ, ವ್ಯಾಪಾರಿಗಳು ತಾವು ಕೊಟ್ಟದ್ದನ್ನೆಲ್ಲ ಹೀಗೆ ಕೊರೆಸಿದ್ದಾರೆಂದು ವಿವರಿಸಿದರು. ಅಜ್ಜ ಗಂಭೀರವಾಗಿ ಕೇಳಿಸಿಕೊಂಡ. ಗಾಡಿ ಹತ್ತಿದ ಮೇಲೆ ಅಪ್ಪಾಜಿಯ ಕಿವಿಯಲ್ಲಿ, "ಕಲ್ಲಲ್ಲಿ ಬರೆಸ್ಯಾರಲ್ಲ, ಅವಾಗ ಇನ್‌ಕಮ್ ಟ್ಯಾಕ್ಸು ಇರ್ಲಿಲ್ಲೇನು?" ಎಂದ.

ಅಜ್ಜನ ಲೆಕ್ಕದ ಪುಸ್ತಕಗಳ ಬಗ್ಗೆ ಹೇಳಬೇಕು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಮೊದಲ ಪುಟದ ನೆತ್ತಿಯಲ್ಲಿ ಅರಿಶಿನ ಹಚ್ಚಿ ಬರೆದ 'ಶ್ರೀ'. ದೀಪಾವಳಿಗೆ ಹೊಸ ಪುಸ್ತಕ. ಆ ಶ್ರೀಕಾರ ಬರೆಯುವ ಹೊತ್ತಿಗೆ ಗಾದಿಯ ಸುತ್ತ ಗಂಡುಮಕ್ಕಳಿಗೆ ಜಾಗ. ನಾವು ಹೆಣ್ಣುಮಕ್ಕಳು ಬಾಗಿಲ ಸಂದಿಯಿಂದ ನೋಡಬೇಕು. ಲಕ್ಷ್ಮಿಯೂ ಹೆಣ್ಣೇ ಅಲ್ಲವೇನಜ್ಜಾ ಎಂದು ಒಮ್ಮೆ ಕೇಳಿದ್ದೆ. "ಅದಕ್ಕೇ ಒಳಗಿರ್ಬೇಕು, ಅಡ್ಡಾಡಬಾರ್ದು" ಎಂಬ ಉತ್ತರ ಬಂತು. ಈ ಮಾತಿಗೆ ನಾನು ಇವತ್ತಿಗೂ ಅಜ್ಜನನ್ನು ಕ್ಷಮಿಸಿಲ್ಲ. ಆದರೂ ಬಿ.ಕಾಂ.ಗೆ ಫೀ ಕಟ್ಟಿದವನು ಅವನೇ. ಅದನ್ನು ಯಾವ ಖಾತೆಗೆ ಬರೆದನೋ.

ಭತ್ತ ಅಳೆಯುವುದು ಹೊರಗಿನ ಕಣದಲ್ಲಿ. ತೂಕದ ಕಲ್ಲುಗಳು, ಕಿಲೋಗಳು ಬಂದು ವರ್ಷಗಳಾಗಿದ್ದರೂ ಮನೆಬಳಕೆಗೆ, ಆಳುಗಳ ಪಡಿಗೆ ಕೊಳಗ-ಸೇರುಗಳದೇ ಕಾರುಬಾರು. ಅಳೆಯುವವನು ಒಂದು ಎನ್ನುವಂತಿಲ್ಲ. ಮೊದಲ ಕೊಳಗಕ್ಕೆ 'ಲಾಭ'. ಆಮೇಲೆ ಎರಡು, ಮೂರು. ರಾಗವಾಗಿ "ಲಾಭವೇ ಲಾಭ... ಎರಡೇ ಎರಡು..." ಎಂದು ಎಳೆಯುತ್ತಿದ್ದರೆ ತೊಟ್ಟಿಲ ಕೂಸೂ ನಿದ್ದೆ ಹೋಗಬೇಕು. ನಾನು ಎಣಿಕೆ ಕಲಿತದ್ದು ಆ ಕಣದಲ್ಲೇ. ಶಾಲೆಗೆ ಸೇರಿದ ವಾರದಲ್ಲಿ ಮೇಷ್ಟ್ರು ಹುಣಸೆಬೀಜ ಹರವಿ ಎಣಿಸು ಎಂದರು. ನಾನು ಠೀವಿಯಿಂದ "ಲಾಭ, ಎರಡು, ಮೂರು" ಎಂದೆ. ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗು ತಡೆದುಕೊಂಡು, "ಲಾಭ ಅನ್ನೋ ಅಂಕಿ ಪಾಟೀ ಮ್ಯಾಲೆ ಬರಿ, ನೋಡೋಣ" ಎಂದರು. ನಾನು ಎರಡು ನಿಮಿಷ ಯೋಚಿಸಿ 'ಶ್ರೀ' ಎಂದು ಬರೆದೆ. ಹಾಜರಿ ಪುಸ್ತಕದಲ್ಲಿ ಏನಿತ್ತೋ, ನಾಲ್ಕನೇ ಕ್ಲಾಸು ಮುಗಿಯುವವರೆಗೂ ಮೇಷ್ಟ್ರ ಬಾಯಲ್ಲಿ ನನ್ನ ಹೆಸರು ಲಾಭ.

ಅಂಕಿಗಷ್ಟೇ ಈ ಗತಿಯಲ್ಲ, ಮನೆಯ ಮಾತಿಗೂ ಇದೇ. ಅಂಗಡಿ ಮುಚ್ಚು ಅನ್ನಬಾರದು, ಬಾಗಿಲು ಮುಂದೆ ಮಾಡು. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಡಬ್ಬಿಯಲ್ಲಿ ಅಕ್ಕಿ ಖಾಲಿಯಾಗುವುದಿಲ್ಲ, ತುಂಬುತ್ತದೆ. 'ಇಲ್ಲ' ಎಂಬ ಎರಡಕ್ಷರಕ್ಕೆ ನಮ್ಮ ಹೊಸ್ತಿಲೊಳಗೆ ಪ್ರವೇಶವೇ ಇರಲಿಲ್ಲ. ಸಾಲ ಕೇಳಿ ಬಂದವನಿಗೂ "ನಾಳೆ ಬಾ" ಎನ್ನುತ್ತಿದ್ದರು, ಅವನಿಗೂ ಅರ್ಥವಾಗುತ್ತಿತ್ತು. ಹೊರಗಿನಿಂದ ಮದುವೆಯಾಗಿ ಬಂದ ಚಿಕ್ಕಮ್ಮನಿಗೆ ಈ ಭಾಷೆ ಹತ್ತಲು ಒಂದು ವರ್ಷ ಹಿಡಿಯಿತು. "ಎಣ್ಣೆ ತುಂಬಿದೆ" ಎಂದು ಅಜ್ಜಿ ಹೇಳಿದ್ದನ್ನು ನಂಬಿ ಆಕೆ ಬಾಣಲೆ ಒಲೆಗಿಟ್ಟು ಕೂತ ದಿನ ಮನೆಯವರು ಒಗ್ಗರಣೆಯಿಲ್ಲದ ಸಾರು ಉಂಡರು. ತಮ್ಮ ಏಳನೇ ತರಗತಿಯಲ್ಲಿ ಫೇಲಾದಾಗ ಆ ಶಬ್ದವನ್ನೂ ಯಾರೂ ಆಡಲಿಲ್ಲ. ವಿಚಾರಿಸಲು ಬಂದವರಿಗೆ ಅಜ್ಜಿ, "ಅವ್ನಿಗೆ ಏಳನೇ ಕ್ಲಾಸು ಹೆಚ್ಚಾತು" ಎಂದಳು.

ಊಟದ ವಿಷಯದಲ್ಲಿ ಹೊರಗಿನವರ ಕಲ್ಪನೆ ಇನ್ನೂ ದೊಡ್ಡದಿತ್ತು. ಗಿರಣಿಯಲ್ಲಿ ರತ್ನಚೂಡಿ, ಇಂಟಾನ್, ಆಮೇಲಾಮೇಲೆ ಜಯ, ಹೀಗೆ ತರತರದ ಅಕ್ಕಿ ಹಲ್ಲರಿನಿಂದ ಸುರಿಯುತ್ತಿತ್ತು. ನಾವು ಉಣ್ಣುತ್ತಿದ್ದುದು ನುಚ್ಚು. ಇಡೀ ಅಕ್ಕಿ ಮಾರೋದಕ್ಕೆ, ಒಡಕಲು ಮನೆಗೆ ಎಂಬುದು ಅಜ್ಜಿಯ ಕಾಯ್ದೆ. ನುಚ್ಚಿನ ಅನ್ನ, ನುಚ್ಚಿನ ಉಪ್ಪಿಟ್ಟು, ನುಚ್ಚಿನ ಹಿಟ್ಟಿನ ರೊಟ್ಟಿ, ಹಬ್ಬಕ್ಕೆ ನುಚ್ಚಿನ ಪಾಯಸ. ಒಡೆಯದ ಅನ್ನದ ಅಗುಳು ಹೇಗಿರುತ್ತದೆಂದು ನಾನು ಕಂಡದ್ದು ಹಮಾಲಿಯ ಮನೆಯಲ್ಲಿ. ಅವನಿಗೆ ಪಡಿಯಾಗಿ ಕೊಡುತ್ತಿದ್ದುದು ಇಡೀ ಅಕ್ಕಿ. "ದುಡಿಯೋನಿಗೆ ನುಚ್ಚು ಹಾಕಿದ್ರೆ ಚೀಲ ಎತ್ತುವಾಗ ಸೊಂಟ ನುಚ್ಚಾಗ್ತತೆ" ಅನ್ನುತ್ತಿದ್ದಳು ಅಜ್ಜಿ. ಗಾಡಿ ಕಟ್ಟಿಕೊಂಡು ಭತ್ತ ತಂದ ರೈತರೂ ನಮ್ಮಲ್ಲೇ ಉಂಡು ಹೋಗಬೇಕು. ಸುಗ್ಗಿಯಲ್ಲಿ ಅವ್ವ, ದೊಡ್ಡವ್ವ, ಚಿಕ್ಕಮ್ಮ ಮೂವರೂ ಒಲೆ ಮುಂದೆ ಕೂತರೆ ಏಳುತ್ತಿದ್ದುದು ಕೊನೆಯ ಗಾಡಿಯ ಗಂಟೆ ಸದ್ದು ಏರಿ ದಾಟಿದ ಮೇಲೆ. ಸಾವ್ಕಾರ್ತಿಯರು ಎಂದು ಅವರನ್ನು ಕರೆಯುತ್ತಿದ್ದ ಜನ ಅವರ ಅಂಗೈ ಮುಟ್ಟಿ ನೋಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರು.

ಇಷ್ಟಾದರೂ ನಮಗೊಂದು ನಿಜವಾದ ಶ್ರೀಮಂತಿಕೆ ಇತ್ತು: ಬಿಸಿನೀರು. ಗಿರಣಿಯ ಡೀಸೆಲ್ ಎಂಜಿನ್ನು ತಣ್ಣಗಿರಲೆಂದು ಅದರ ಸುತ್ತ ನೀರು ಹರಿಸುತ್ತಿದ್ದರು. ಒಳಹೋದ ತಣ್ಣೀರು ಹೊರಬರುವಾಗ ಕುದಿ ಬಿಸಿ. ಅದು ಬೀಳುವ ಸಿಮೆಂಟಿನ ತೊಟ್ಟಿ ನಮ್ಮ ಬಚ್ಚಲು. ಮಲೆನಾಡಿನ ಸೆರಗಿನ ಜಡಿಮಳೆಯಲ್ಲಿ ಊರ ಮಕ್ಕಳು ಹಸಿ ಸೌದೆ ಊದಿ ಊದಿ ಹಂಡೆ ಕಾಯಿಸುತ್ತಿದ್ದರೆ ನಾವು ಕತ್ತಿನವರೆಗೆ ಮುಳುಗಿ ಕೂತಿರುತ್ತಿದ್ದೆವು. ನೀರಿಗೆ ಸ್ವಲ್ಪ ಎಣ್ಣೆ ವಾಸನೆ. ಶಾಲೆಯಲ್ಲಿ ನಾವೆಲ್ಲಿ ಕೂತಿದ್ದೇವೆಂದು ಮೇಷ್ಟ್ರು ಕಣ್ಣು ಮುಚ್ಚಿ ಹೇಳಬಲ್ಲವರಾಗಿದ್ದರು.

ಆ ಎಂಜಿನ್ನು ಒಂದೇ ಸಮನೆ ಟುಕು ಟುಕು ಅನ್ನುತ್ತಿರುವಾಗಲೂ ಅಜ್ಜನಿಗೆ ರೇಡಿಯೋ ಕೇಳಬೇಕು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾದ ಮೇಲೆ ನಮ್ಮ ಮನೆಗೆ ಪೇಟೆ ಧಾರಣೆ ಸಂಧ್ಯಾವಂದನೆಯಾಯಿತು. ಆ ಹೊತ್ತಿನಲ್ಲಿ ಕೆಮ್ಮುವುದೂ ಅಪರಾಧ. ನಮ್ಮಲ್ಲಿ ಒಂದು ಅಡಿಕೆ ಮರವಿರಲಿಲ್ಲ, ಆದರೂ ಶಿವಮೊಗ್ಗದ ಅಡಿಕೆ ದರ ಕೇಳಿಯೇ ಕೇಳುತ್ತಿದ್ದ. ಬೆಟ್ಟೆ, ರಾಶಿ, ಗೊರಬಲು, ಸರಕು ಎಂದು ಓದುತ್ತಿದ್ದರೆ ನಾವು ಹುಡುಗಿಯರು ಅಂಗಳದಲ್ಲಿ ಹಗ್ಗದಾಟಕ್ಕೆ ಅದನ್ನೇ ತಾಳ ಮಾಡಿಕೊಂಡಿದ್ದೆವು. ಬೆಟ್ಟೆಗೆ ಒಂದು ಹಾರು, ರಾಶಿಗೆ ಒಂದು ಹಾರು, ಗೊರಬಲು ಅನ್ನುವಾಗ ಯಾರಾದರೂ ಎಡವಿ ಬೀಳುವುದು ಖಂಡಿತ.

ಗಿರಣಿ ಅಂದಮೇಲೆ ರೈಟ್ರು ಇರಲೇಬೇಕು. ಲೆಕ್ಕ ಬರೆಯುವವರನ್ನು ನಮ್ಮ ಕಡೆ ಹಾಗನ್ನುತ್ತಾರೆ. ನಮ್ಮ ರೈಟ್ರು ಬಡಕಲು ಮನುಷ್ಯ. ಕಿವಿಯಲ್ಲಿ ಪೆನ್ಸಿಲ್, ಕಂಕುಳಲ್ಲಿ ಛತ್ರಿ, ಜಗತ್ತಿನ ಮೇಲೆ ಯಾವ ದೂರೂ ಇಲ್ಲ. ಶಿಕಾರಿಪುರದ ಇನ್ನೊಂದು ಅಕ್ಕಿ ಗಿರಣಿಗೆ 1965ರಲ್ಲಿ ಗುಮಾಸ್ತರಾಗಿ ಬಂದ ಯುವಕರೊಬ್ಬರು 1967ರಲ್ಲಿ ಆ ಗಿರಣಿ ಮಾಲೀಕರ ಮಗಳನ್ನೇ ಮದುವೆಯಾದರು, 1983ರಲ್ಲಿ ಶಾಸಕರಾದರು, ಮುಂದೆ ನಾಲ್ಕು ಸಲ ಮುಖ್ಯಮಂತ್ರಿಯಾದರು. ಯಡಿಯೂರಪ್ಪನವರ ಈ ಕತೆ ತಾಲ್ಲೂಕಿನ ಗಿರಣಿಗಳಲ್ಲಿ ಮಾಡಿದ ಪರಿಣಾಮವನ್ನು ಯಾರೂ ಬರೆದಿಟ್ಟಿಲ್ಲ. ಶಾಸಕರಾದ ವರ್ಷವೇ ಅಪ್ಪಾಜಿ ನಮ್ಮ ರೈಟ್ರನ್ನು "ಏನಯ್ಯಾ" ಎನ್ನುವುದನ್ನು ಬಿಟ್ಟು "ಏನ್ರೀ" ಎನ್ನತೊಡಗಿದರು. ರೈಟ್ರಿಗೆ ಆಗಲೇ ಐವತ್ತೈದು ದಾಟಿತ್ತು, ಮೂರು ಮಕ್ಕಳಿದ್ದವು. ಇದ್ದಕ್ಕಿದ್ದಂತೆ ಬಂದ ಮರ್ಯಾದೆಯಿಂದ ಗಾಬರಿಯಾಗಿ, ಲೆಕ್ಕದಲ್ಲಿ ಏನಾದರೂ ತಪ್ಪಾಗಿದೆಯೇ ಎಂದು ಅವರು ಮೂರು ದಿನ ಹಳೆಯ ಕೀರ್ದಿ ತಿರುವಿಹಾಕಿದರಂತೆ.

ಈಗ ಕೋಡಿಯ ವಿಷಯಕ್ಕೆ ಬರಲೇಬೇಕು. ಇಷ್ಟು ಹೊತ್ತು ಸುತ್ತಾಡಿದ್ದೂ ಅಲ್ಲಿಗೆ ಹೋಗಲೆಂದೇ.

ನಮ್ಮ ಮನೆಯ ಸಿರಿತನದ ಬೀಗದ ಕೈ ಅಜ್ಜನ ಸೊಂಟದಲ್ಲಿ ಇರಲಿಲ್ಲ, ಕಟ್ಟೆಯಲ್ಲಿತ್ತು. ಆರಿದ್ರೆ ಹಿಡಿದರೆ ಅಜ್ಜನ ನಿದ್ದೆ ಹೋಗುತ್ತಿತ್ತು. ಪುನರ್ವಸು ಸುರಿಯತೊಡಗಿದರೆ ಬೆಳಿಗ್ಗೆ ಎದ್ದು ದೇವರಿಗಿಂತ ಮೊದಲು ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದ. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಹೊರಟ ರೈತರೂ ಅಲ್ಲೇ ನಿಲ್ಲುತ್ತಿದ್ದರು. ಅಲ್ಲಿ ಸಾಲ ಕೊಟ್ಟವನು, ಇಸಕೊಂಡವನು ಎಂಬ ಭೇದ ಕಾಣುತ್ತಿರಲಿಲ್ಲ. ಎಲ್ಲರ ಕುತ್ತಿಗೆಯೂ ಒಂದೇ ಕಡೆ ಬಾಗಿರುತ್ತಿತ್ತು. "ಇನ್ನೊಂದು ಮೊಳ", "ಇನ್ನೊಂದು ಗೇಣು", "ಇವತ್ತು ರಾತ್ರಿ ಹಿಂಗೇ ಹೊಡದ್ರೆ ಬೆಳಗಿಗೆ ಬಿದ್ದಂಗೇ". ಗೇಣು ಬಂದಮೇಲೆ ಮನೆಯಲ್ಲಿ ಯಾರೂ ಜಗಳವಾಡುತ್ತಿರಲಿಲ್ಲ. ನಡುರಾತ್ರಿ ಎಂಜಿನ್ನು ನಿಂತು ಮಳೆಯೂ ಒಂದು ಗಳಿಗೆ ಉಸಿರು ಹಿಡಿದರೆ ದೂರದಿಂದ ಭೋರ್ ಎಂಬ ಸದ್ದು ಕೇಳುತ್ತಿತ್ತು. ಅಜ್ಜ ಹಾಸಿಗೆಯಲ್ಲೇ ಎದ್ದು ಕೂತು, "ಬಿತ್ತು" ಎನ್ನುತ್ತಿದ್ದ. ಆ ಕತ್ತಲಲ್ಲೇ ಅಜ್ಜಿ ಎದ್ದು ಎಲ್ಲರ ಬಾಯಿಗೂ ಒಂದೊಂದು ಚೂರು ಬೆಲ್ಲ ಹಾಕುತ್ತಿದ್ದಳು. ನಿದ್ದೆಗಣ್ಣಿನಲ್ಲಿ ಚೀಪಿದ ಆ ಬೆಲ್ಲಕ್ಕೆ ಬಡ್ಡಿ ಬೆಲ್ಲದ ರುಚಿ ಎಂದೂ ಸಮ ಬರಲಿಲ್ಲ.

ಬೆಳಿಗ್ಗೆ ಬಾಗಿನ. ಹೊಸ ಮೊರಕ್ಕೆ ಅರಿಶಿನ ಬಳಿದು, ಅದರಲ್ಲಿ ಕುಪ್ಪಸದ ಕಣ, ಹಸಿರು ಬಳೆ, ಬಿಚ್ಚೋಲೆ, ತೆಂಗಿನಕಾಯಿ, ಬೆಲ್ಲದಚ್ಚು, ಬೇಳೆ, ಮತ್ತು ಅಕ್ಕಿ. ಆ ಒಂದು ದಿನ ಮಾತ್ರ ಅಜ್ಜ ತಾನೇ ಚೀಲ ಬಿಚ್ಚಿ ಇಡೀ ಅಕ್ಕಿ, ಅದರಲ್ಲೂ ಉದ್ದಗಾಳಿನದ್ದು, ಬೊಗಸೆ ತುಂಬ ಎತ್ತಿ ಮೊರಕ್ಕೆ ಹಾಕುತ್ತಿದ್ದ. "ಹೊಳೆಗೆ ನುಚ್ಚು ಕೊಡಾಕಾಗ್ತತಾ? ಅವ್ಳು ಸಾವ್ಕಾರ್ತಿ" ಎನ್ನುತ್ತಿದ್ದ. ಕೋಡಿಯ ಅಂಚಿನಲ್ಲಿ ಅಜ್ಜಿ ಸೆರಗು ಹೊದ್ದು ಮೊರ ಬಿಟ್ಟರೆ ಅದು ಎರಡು ಸುತ್ತು ತಿರುಗಿ, ಒಂದು ಕ್ಷಣ ಅನುಮಾನಿಸಿ, ಬಿಳಿ ನೊರೆಯಲ್ಲಿ ಕಾಣೆಯಾಗುತ್ತಿತ್ತು. ಕೆಳಗೆ ಹುಡುಗರು ಬಲೆ ಹಿಡಿದು ಹತ್ತುಮೀನಿಗೆ ಕಾಯುತ್ತಿದ್ದರು. ಬಾಗಿನದ ತೆಂಗಿನಕಾಯಿ ಬಲೆಗೆ ಬಿದ್ದರೂ ಅವರು ಬೇಡವೆನ್ನುತ್ತಿರಲಿಲ್ಲ. ಈಗ ಬಾಗಿನ ಬಿಡಲು ಶಾಸಕರು, ಅಧಿಕಾರಿಗಳು ಬರುತ್ತಾರೆ, ಮೈಕು ಇರುತ್ತದೆ, ಮಾರನೆಯ ದಿನ ಪೇಪರಿನಲ್ಲಿ ಫೋಟೋ. ಆಗ ಅಜ್ಜಿಯ ಫೋಟೋ ತೆಗೆಯಲು ಯಾರೂ ಇರಲಿಲ್ಲ. ಇದ್ದಿದ್ದರೂ ಅಜ್ಜಿ ಬೆನ್ನು ತೋರಿಸುತ್ತಿದ್ದಳು.

ಕೋಡಿ ಬಿದ್ದ ವಾರದಲ್ಲಿ ದಾವಣಗೆರೆಯಿಂದ ಬಟ್ಟೆ ಬರುತ್ತಿತ್ತು. ಅಲ್ಲಿನ ಮಿಲ್ಲುಗಳ ಗಟ್ಟಿ ಬಟ್ಟೆ, ಒಂದು ಇಡೀ ತಾನು. ಹನ್ನೊಂದು ಜನ ಮಕ್ಕಳಿಗೂ ಅದರಲ್ಲೇ ಲಂಗ, ಅಂಗಿ, ಚಡ್ಡಿ. ಮಿಕ್ಕಿದ್ದು ದಿಂಬಿಗೆ, ಅದರಲ್ಲೂ ಮಿಕ್ಕಿದ್ದು ಕಿಟಕಿಗೆ. ಜಾತ್ರೆಯಲ್ಲಿ ನಾವು ಸಾಲಾಗಿ ನಡೆದರೆ ಬ್ಯಾಂಡ್‌ಸೆಟ್ಟಿನವರು ಬಂದರೆಂದು ಜನ ದಾರಿ ಬಿಡುತ್ತಿದ್ದರು. ಒಂದು ಸಲ ನಾನು ಕಿಟಕಿಯ ಮುಂದೆ ನಿಂತಿದ್ದಾಗ ಅವ್ವ ನನ್ನನ್ನು ಕಾಣದೆ ಊರೆಲ್ಲ ಹುಡುಕಿಸಿದ್ದಳು.

ಒಂದು ವರ್ಷ ಕೋಡಿ ಬೀಳಲಿಲ್ಲ. ಪುಷ್ಯ ಹೋಯಿತು, ಆಶ್ಲೇಷ ಹೋಯಿತು. ಅಜ್ಜ ದಿನವೂ ಒಣ ಛತ್ರಿ ಹಿಡಿದು ಏರಿಗೆ ಹೋಗಿ ಒಣ ಛತ್ರಿಯೊಂದಿಗೇ ಬರುತ್ತಿದ್ದ. ಒಂದು ಸಂಜೆ ನಾನು ಅಂಗಳದಲ್ಲಿ ಆಡುತ್ತ, ಅವನು ಒಳಬರುವಾಗ ಅಭ್ಯಾಸಬಲದಿಂದ, "ಬಿತ್ತಾ ಅಜ್ಜಾ?" ಎಂದು ಕೇಳಿದೆ.

"ಇಲ್ಲ" ಎಂದ.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ತಟ್ಟನೆ ತಲೆಯೆತ್ತಿ ನೋಡಿದಳು. ಅಪ್ಪಾಜಿ ಬರೆಯುತ್ತಿದ್ದುದನ್ನು ನಿಲ್ಲಿಸಿದರು. ಅಜ್ಜ ಯಾರನ್ನೂ ನೋಡದೆ ಕಾಲು ತೊಳೆದುಕೊಂಡು ಒಳಹೋದ. ಆ ಸುಗ್ಗಿಯಲ್ಲಿ ಪಡಸಾಲೆಯ ನೆಲ ಕಂಡಿತು; ಅದಕ್ಕೆ ಕೆಂಪು ಗಾರೆ ಹಾಕಿಸಿದ್ದಾರೆಂದು ನನಗೆ ಗೊತ್ತಾದದ್ದೇ ಆಗ.

ಭತ್ತವೆಲ್ಲ ವ್ಯಾಪಾರದ್ದೇ ಎಂಬಂತೆ ಇಷ್ಟು ಹೊತ್ತು ಬರೆದೆ. ಅದು ಪೂರ್ತಿ ನಿಜವಲ್ಲ. ಒಂದಷ್ಟು ಗದ್ದೆ ನಮ್ಮ ಹೆಸರಿನಲ್ಲಿತ್ತು, ಉಳುವವರು ಬೇರೆಯವರು. ಗೇಣಿ ಭತ್ತವೂ ಆ ರಾಶಿಯಲ್ಲಿ ಸೇರಿರುತ್ತಿತ್ತು. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿದಾರರು ಎದ್ದುನಿಂತಿದ್ದರು. ದೇವರಾಜ ಅರಸರ ಭೂಸುಧಾರಣೆ ಕಾಯ್ದೆ 1974ರಲ್ಲಿ ಬಂದಾಗ ನಮ್ಮ ಗೇಣಿದಾರನೂ ಫಾರಂ ನಂಬರ್ 7 ತುಂಬಿದ. ಮನೆಯಲ್ಲಿ ದೊಡ್ಡವರ ದನಿ ತಗ್ಗಿತು. ಗದ್ದೆ ಅವನದಾದ ಮೇಲಿನ ಮೊದಲ ಸುಗ್ಗಿಯಲ್ಲಿ ಅವನು ಗಾಡಿ ಕಟ್ಟಿಕೊಂಡು ನಮ್ಮ ಮಂಡಿಗೇ ಬಂದ. ಮೊದಲೆಲ್ಲ ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದವನು ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಕೂತ. ಕೂತದ್ದು ತುದಿಯಲ್ಲಿ, ಆದರೂ ಕೂತ. "ಏನ್ ರೇಟು ಸಾವ್ಕಾರ್ರೇ?" ಎಂದ. ಅಜ್ಜ ಹೇಳಿದ. ಅವನು "ಗಿಟ್ಟಂಗಿಲ್ಲ ಬಿಡ್ರಿ" ಎಂದು ಏಳಹೋದ. ಅಜ್ಜ ಅವನ ಕೈ ಹಿಡಿದು ಕೂರಿಸಿ ಎಂಟಾಣೆ ಏರಿಸಿದ. ಗದ್ದೆ ಹೋದದ್ದಕ್ಕಿಂತ ಆ ಎಂಟಾಣೆಯ ಸಂಕಟವನ್ನೇ ಅಜ್ಜ ಹೆಚ್ಚು ದಿನ ಹೇಳಿಕೊಂಡ. ಆದರೆ ಅವತ್ತು ರಾತ್ರಿ ಉಣ್ಣುವಾಗ, "ಅವ್ನು ನಮ್ಮತ್ರನೇ ಕಲ್ತಿದ್ದು" ಎಂದದ್ದರಲ್ಲಿ ಒಂಚೂರು ಮೆಚ್ಚುಗೆಯೂ ಇತ್ತು ಎಂದು ನನ್ನ ಅನುಮಾನ.

ಪೈಸೆ ಪೈಸೆಗೂ ಲೆಕ್ಕ ಕೇಳುವ ಈ ಮನುಷ್ಯ ವರ್ಷಕ್ಕೊಂದು ದಿನ ಹುಚ್ಚನಾಗುತ್ತಿದ್ದ. ಶಿಕಾರಿಪುರ, ಸೊರಬ, ಹಿರೇಕೆರೂರು ಕಡೆಯವರಿಗೆ ದೀಪಾವಳಿ ಎಂದರೆ ಪಟಾಕಿಯಲ್ಲ, ಹೋರಿ ಹಬ್ಬ. ಸಿಂಗಾರ ಮಾಡಿದ ಹೋರಿಯನ್ನು ಜನರ ನಡುವಿನ ಓಣಿಯಲ್ಲಿ ಬಿಡುತ್ತಾರೆ. ಕೊರಳಿನ ಕೊಬ್ಬರಿ ಹಾರ ಹರಿದವನೇ ಗಂಡಸು. ನಮ್ಮ ಹೋರಿಗೆ ಅಜ್ಜ ವರ್ಷವಿಡೀ ಹುರುಳಿ, ಹತ್ತಿಕಾಳು ತಿನ್ನಿಸುತ್ತಿದ್ದ. ನಾವು ಪಲ್ಯಕ್ಕೆ ಎರಡು ಚೂರು ಕೊಬ್ಬರಿ ಕೇಳಿದರೆ ಗದರುತ್ತಿದ್ದವನು ಹೋರಿಯ ಕೊರಳಿಗೆ ಬಟ್ಟಲು ಬಟ್ಟಲು ಕೊಬ್ಬರಿ ಪೋಣಿಸಿ ಮೂರು ಸುತ್ತು ಹಾರ ಹಾಕಿಸುತ್ತಿದ್ದ. ಜೂಲು, ಗೆಜ್ಜೆ, ಬಲೂನು ಬೇರೆ. ನಾವು ಹೆಣ್ಣುಮಕ್ಕಳು ಮಾಳಿಗೆಯ ಮೇಲೆ. ಹೋರಿ ಓಣಿಗೆ ನುಗ್ಗಿತೆಂದರೆ ಕೆಳಗೆ ಅಜ್ಜ ಪಂಚೆ ಎತ್ತಿ ಕಟ್ಟಿ, ಎಪ್ಪತ್ತರ ವಯಸ್ಸಿನಲ್ಲಿ, ಅದರ ಹಿಂದೆ ಓಡುತ್ತಿದ್ದ. ರೈಟ್ರು ಛತ್ರಿ ಹಿಡಿದು ಅಜ್ಜನ ಹಿಂದೆ.

ಒಂದು ವರ್ಷ ನಮ್ಮ ಹೋರಿಯ ಹಾರ ಹರಿದವನು ನನ್ನ ಪೆಪ್ಪರಮೆಂಟಿನ ಸಾಲಿಗನ ಅಣ್ಣ. ಗಿರಣಿಯಲ್ಲಿ ಸಂಜೆ ಅಜ್ಜನ ಮುಖ ನೋಡುವಂತಿರಲಿಲ್ಲ. ಹೋರಿಯ ಸೋಲಿಗೋ ಕೊಬ್ಬರಿಯ ನಷ್ಟಕ್ಕೋ ತಿಳಿಯದೆ ಅಪ್ಪಾಜಿ ಎರಡಕ್ಕೂ ಸಮಾಧಾನ ಹೇಳಿದರು. ಮಾರನೆಯ ದಿನ ಶಾಲೆಯಲ್ಲಿ ನನ್ನ ಸಾಲಿಗ ಜೇಬಿನಿಂದ ಅರ್ಧ ಬಟ್ಟಲು ಕೊಬ್ಬರಿ ತೆಗೆದು ನನ್ನ ಕೈಗಿಟ್ಟ. ಹದಿಮೂರು ಪೈಸೆಯ ಮೇಲೆ ಇದೊಂದು ಹೊಸ ಸಾಲವೇ ಎಂದು ನಾನು ಹಿಂದೆಮುಂದೆ ನೋಡಿದೆ.

"ತಿನ್ನು, ಇದಕ್ಕೆ ಬಡ್ಡಿ ಬ್ಯಾಡ. ನಿಮ್ಮಜ್ಜಂದೇ ಕೊಬ್ರಿ" ಎಂದ.

ನಮ್ಮದು ಎಂದು ಹೇಳಬಹುದಾದ ಕೊಬ್ಬರಿಯನ್ನು ನಾನು ಮೊದಲು ತಿಂದದ್ದು ಹಾಗೆ.

ಗಿರಣಿ ಈಗಿಲ್ಲ. (ಅಜ್ಜ ಇದ್ದಿದ್ದರೆ ಬೇರೆ ಪದ ಹುಡುಕುತ್ತಿದ್ದ.) ಆ ಜಾಗದಲ್ಲಿ ಕಲ್ಯಾಣ ಮಂಟಪ ಇದೆ, ಬಿಸಿನೀರಿಗೆ ಸೋಲಾರು. ನಾಲೆಯ ಕೆಳಗೂ ಎಷ್ಟೋ ಗದ್ದೆಗಳು ಅಡಿಕೆ ತೋಟವಾಗಿವೆ; ಖುಷ್ಕಿಯಲ್ಲೆಲ್ಲ ಮೆಕ್ಕೆಜೋಳ. ಏಳನೇ ಕ್ಲಾಸು ಹೆಚ್ಚಾಗಿದ್ದ ತಮ್ಮನೇ ಮಂಟಪ ನೋಡಿಕೊಳ್ಳುತ್ತಾನೆ, ನಮ್ಮೆಲ್ಲರಿಗಿಂತ ಚೆನ್ನಾಗಿದ್ದಾನೆ. ಅವನ ವ್ಯವಹಾರಕ್ಕೂ ಕಟ್ಟೆಯ ನೀರಿಗೂ ಈಗ ಯಾವ ಸಂಬಂಧವೂ ಇಲ್ಲ. ಆದರೂ ಪ್ರತಿ ಮಳೆಗಾಲ, ಹೊತ್ತಲ್ಲದ ಹೊತ್ತಿನಲ್ಲಿ ಅವನ ಫೋನು ಬರುತ್ತದೆ. ಹಲೋ ಇಲ್ಲ, ಹೇಗಿದ್ದೀಯ ಇಲ್ಲ. "ಬಿತ್ತು ಅಕ್ಕಾ" ಎನ್ನುತ್ತಾನೆ. ಹಿಂದೆ ಭೋರ್ ಎಂಬ ಸದ್ದು ಕೇಳುತ್ತಿರುತ್ತದೆ. ಅದರ ಜೊತೆಗೆ ಸೆಲ್ಫಿಗೆ ಬಂದವರ ಕೇಕೆ.

ಈ ಸಲ ಫೋನು ಇಟ್ಟವಳೇ ಬಾಯಿಗೆ ಚೂರು ಬೆಲ್ಲ ಹಾಕಿಕೊಂಡು ಜಯನಗರಕ್ಕೆ ಹೋಗಿ, ಅಗತ್ಯವೇ ಇಲ್ಲದ ಒಂದು ಸೀರೆ ಕೊಂಡುಬಂದೆ. ಲಿಫ್ಟಿನಲ್ಲಿ ಪಕ್ಕದ ಮನೆಯಾಕೆ ಚೀಲ ನೋಡಿ, "ಏನು ವಿಶೇಷ ಮೇಡಂ?" ಎಂದರು.

"ಅಂಜನಾಪುರ ತುಂಬಿತಂತೆ" ಎಂದೆ.

ಆಕೆಯ ಮುಖ ಬಿಳಿಚಿತು. "ಅಯ್ಯೋ ದೇವರೇ, ನಮ್ಮ ನಾದಿನಿ ಹೊಸ ಮನೆ ತಗೊಂಡಿರೋದು ಅಲ್ಲೇ! ಯಾವ ಬ್ಲಾಕಿಗೆ ನುಗ್ಗಿದೆಯಂತೆ?" ಎನ್ನುತ್ತ ಫೋನು ಹುಡುಕತೊಡಗಿದರು.